ಗುಂಡು ಸಿಗದ ಪಾಲು

ನಾನು ಯಾರನ್ನೂ ಒಂದೇ ನೋಟಕ್ಕೆ ನಂಬುವವಳಲ್ಲ. ಮೈಸೂರಿನಲ್ಲಿ ಹಾಲಿನವನು ಕಣ್ಣೆದುರೇ ಅಳೆದು ಹಾಕಿದರೂ ಅವನ ಅಳತೆಯ ಪಾತ್ರೆ ಇಸಿದುಕೊಂಡು ತಳ ನೆಗ್ಗಿದೆಯೋ ಎಂದು ಮುಟ್ಟಿ ನೋಡಿದವಳು. ಮಗಳು ತನ್ವಿ ಇದನ್ನು ರೋಗ ಎನ್ನುತ್ತಾಳೆ. ಅನ್ನಲಿ. ಅವಳ ಬಾಣಂತನಕ್ಕೆಂದು ಡಬ್ಲಿನ್‌ಗೆ ಬಂದು, ಅವಳು ಬಾಡಿಗೆಗಿದ್ದ ಕ್ಲಾಂಡಾಲ್ಕಿನ್ ಮನೆಯ ಮುಂದೆ ಟ್ಯಾಕ್ಸಿಯಿಂದ ಇಳಿದಾಗ ಆ ರೋಗ ನನ್ನ ಜೊತೆಯಲ್ಲೇ ಇಳಿಯಿತು.

ಮನೆಯ ಪಕ್ಕದ ಗ್ಯಾರೇಜಿನ ಬಾಗಿಲು ತೆರೆದಿತ್ತು. ಒಳಗೆ ತೊಲೆಗೆ ಒಂದು ಜಿಂಕೆ ತಲೆಕೆಳಗಾಗಿ ನೇತಾಡುತ್ತಿತ್ತು. ಅದರ ಮುಂದೆ ಉಣ್ಣೆ ಟೋಪಿಯ ಗಂಡಸೊಬ್ಬ ಉದ್ದನೆಯ ಚೂರಿ ಹಿಡಿದು ನಿಂತಿದ್ದ. ನನ್ನನ್ನು ಕಂಡವನೇ ಚೂರಿ ಹಿಡಿದ ಕೈಯನ್ನೇ ಜೋಡಿಸಿದ.

"ನಮಸ್ಕಾರ ಅಕ್ಕಾ. ಬನ್ನಿ ಬನ್ನಿ. ಪ್ರಯಾಣ ಎಲ್ಲ ಆರಾಮಾಗಿ ಆಯ್ತಾ?"

ಜಿಂಕೆಯ ಸುತ್ತ ಒಂದು ಸುತ್ತು ಬಂದೆ. ಏಕೆಂದು ಕೇಳಿದರೆ ಹೇಳಲಾರೆ. ತರಕಾರಿ ಅಂಗಡಿಯಲ್ಲಿ ಕುಂಬಳಕಾಯಿಯನ್ನೂ ನಾನು ಹಾಗೆಯೇ ತಿರುಗಿಸಿ ನೋಡುವುದು. ಎಡಭುಜದ ಮೇಲೆ ಒಂದು ತೂತಿತ್ತು, ಸುತ್ತ ರಕ್ತ ಕಪ್ಪಾಗಿ ಹೆಪ್ಪುಗಟ್ಟಿತ್ತು. ನೋಡಿಯಾದ ಮೇಲೆ ಒಳಗೆ ಹೋದೆ. ತನ್ವಿ ತಲೆ ತಗ್ಗಿಸಿ ನಕ್ಕಳು. "ಅಮ್ಮ, ಅವ್ರೇ ನಮ್ಮ ಓನರ್, ಶ್ರೀಕಂಠ ಅಂಕಲ್. ಸ್ವಲ್ಪ ಮಾತಾಡ್ಬಾರ್ದಾ?"

ಶ್ರೀಕಂಠ ಸೋಮವಾರಪೇಟೆ ಕಡೆಯವನು. ಅವನ ಹೆಂಡತಿ ವಾಸಂತಿ ಬ್ಯೂಮಾಂಟ್ ಆಸ್ಪತ್ರೆಯಲ್ಲಿ ನರ್ಸ್. ಕೆಲಸ ಸಿಕ್ಕಿದ್ದು ಅವಳಿಗೆ. "ನಾನು ಇವಳ ವೀಸಾದ ಬಾಲ ಹಿಡ್ಕೊಂಡು ಬಂದವನು" ಎಂದು ಅವನೇ ಹೇಳಿ ನಗುತ್ತಿದ್ದ. ಬಂದ ಹೊಸದರಲ್ಲಿ ಆಫೀಸುಗಳ ನೆಲ ಒರೆಸಿದನಂತೆ, ಆಮೇಲೆ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತನಂತೆ, ಈಗ ಇಲ್ಲಿಯ ಕೈಗಾರಿಕಾ ಪ್ರದೇಶದ ಟಯರ್ ಅಂಗಡಿಯೊಂದರಲ್ಲಿ ಹಿರಿಯ ಕೆಲಸಗಾರ. ಅವರಿಗೆ ಮಕ್ಕಳಿಲ್ಲ. ಮನೆಯ ಮಹಡಿಯನ್ನು ನನ್ನ ಮಗಳು ಮತ್ತು ಅಳಿಯ ಚಿರಾಗ್‌ಗೆ ಬಾಡಿಗೆಗೆ ಕೊಟ್ಟು ತಾವು ಕೆಳಗಿದ್ದರು. ಅಡುಗೆಮನೆ ಇಬ್ಬರಿಗೂ ಒಂದೇ.

ಅವನ ಅಪ್ಪನ ಬಳಿ ಲೈಸೆನ್ಸ್ ಕೋವಿ ಇತ್ತಂತೆ. ಗದ್ದೆಗೆ ಬೀಳುವ ಹಂದಿ ಓಡಿಸಲು ಇಟ್ಟ, ನಳಿಗೆಯ ಬಾಯಿಂದಲೇ ಮದ್ದು ತುಂಬುವ ಹಳೆಯ ಕೋವಿ. ಮೀನು ಬಲೆಗೆ ಕಟ್ಟುವ ಸೀಸದ ಮಣಿಗಳನ್ನು ಕರಗಿಸಿ ಅಪ್ಪ ಗುಂಡು ಎರಕ ಹೊಯ್ಯುತ್ತಿದ್ದರೆ ಪಕ್ಕದಲ್ಲಿ ಕೂತು ನೋಡುತ್ತಿದ್ದವನು ಇವನು. ಇಲ್ಲಿ ವಿಕ್ಲೋ ಬೆಟ್ಟದ ಕಡೆಯಿಂದ ಟಯರ್ ಅಂಗಡಿಗೆ ಬರುತ್ತಿದ್ದ ರೈತನೊಬ್ಬ, ಜಿಂಕೆಗಳು ತನ್ನ ಎಳೆ ಮರಗಳ ತೊಗಟೆ ಸುಲಿಯುತ್ತಿವೆ ಎಂದು ಗೋಳಾಡಿದನಂತೆ. ಅಲ್ಲಿಂದ ಶುರುವಾದದ್ದು ಅವನ ಬೇಟೆ. ರೈಫಲ್‌ಗೆ ಲೈಸೆನ್ಸ್ ಆಯಿತು, ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಬೀರು ಬಂತು, ಹಿತ್ತಲಿನ ಶೆಡ್‌ನಲ್ಲಿ ಒಲೆ ಬಂತು. ಮನೆಯಲ್ಲೇ ಗುಂಡು ಮಾಡಿಕೊಳ್ಳಲು ಬೇರೆಯೇ ಅನುಮತಿ ಬೇಕಂತೆ, ಅದೂ ಅವನಿಗೆ ಸಿಕ್ಕಿದೆಯಂತೆ, ಗಾರ್ಡಾ ಅಂದರೆ ಇಲ್ಲಿಯ ಪೊಲೀಸರು ಬಂದು ಎಲ್ಲ ನೋಡಿಕೊಂಡು ಹೋಗಿದ್ದಾರಂತೆ. ಅಷ್ಟೂ 'ಅಂತೆ'ಗಳನ್ನು ನಾನು ಸೆರಗಿನ ತುದಿಗೆ ಕಟ್ಟಿಟ್ಟುಕೊಂಡೆ.

ಆ ಸಂಜೆ ಅವನು ಮಾಂಸದ ಪಾಲು ಹಾಕಿದ. ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಗುಡ್ಡೆ ಮಾಡಿ, ಒಂದು ರೈತನಿಗೆ, ಒಂದು ಬೇಟೆ ಕ್ಲಬ್ಬಿನ ಗೆಳೆಯನಿಗೆ, ಒಂದು ತಮಗೆ ಎಂದು ಬೇರ್ಪಡಿಸಿದ. ಆಮೇಲೆ ಎರಡು ದೊಡ್ಡ ಗುಡ್ಡೆ ತನ್ವಿಯ ಕಡೆ ತಳ್ಳಿದ.

"ನಮ್ಮ ಮನೇಲಿ ಬಸುರಿಗೆ ಎರಡು ಪಾಲು ಅಕ್ಕಾ, ಹೋದ್ಸಲದ ಜಿಂಕೇಲೂ ಹೀಗೇ ಕೊಟ್ಟಿದ್ದೆ. ಒಂದು ಅವಳದ್ದು, ಒಂದು ಹೊಟ್ಟೇಲಿರೋದ್ರದ್ದು. ಅದೂ ಗುಂಡು ತಾಗಿದ ಭುಜದ ಮಾಂಸಾನೇ ಕೊಡ್ಬೇಕು. ಅದು ಮರ್ಯಾದೆ."

"ಗುಂಡು ತಾಗಿದ್ದಾ?" ನಾನು ಮುಖ ಸಿಂಡರಿಸಿದೆ.

"ಕೆಟ್ಟ ರಕ್ತ ಎಲ್ಲ ಕೆತ್ತಿ ತೆಗ್ದಿದೀನಿ. ನಮ್ಮಪ್ಪ ಇದ್ದಾಗ ಮೊದ್ಲು ಗುಂಡು ಹುಡುಕೋದು. ಅದು ಸಿಕ್ಕಿ, ತೊಳ್ದು, ಬಾಳೆಲೆ ಮೇಲೆ ಇಟ್ಟ ಮೇಲೇನೇ ಪಾಲು ಹಾಕೋದು. ಅಲ್ಲೀವರ್ಗೂ ಯಾರೂ ಮಾಂಸ ಮುಟ್ಟೋ ಹಾಗಿಲ್ಲ." ಅವನು ದೇವರ ಗೂಡಿನ ಕಡೆ ಕೈ ತೋರಿಸಿದ. ಗಣಪತಿಯ ಪಕ್ಕದಲ್ಲಿ ಬೂದುಬಣ್ಣದ ಒಂದು ಬಿಲ್ಲೆ ಇತ್ತು, ಅದಕ್ಕೊಂದು ಕುಂಕುಮದ ಬೊಟ್ಟು. ಅಪ್ಪ ಹೊಡೆದ ಕೊನೆಯ ಹಂದಿಯಿಂದ ತೆಗೆದ ಗುಂಡು. ಉಂಡೆಯಾಗಿ ಹೋದದ್ದು ಮೂಳೆಗೆ ಬಡಿದು ಚಪ್ಪಟೆಯಾಗಿ, ಇಡಿಯಾಗಿ ವಾಪಸು ಬಂದಿತ್ತು.

"ಇದ್ರದ್ದು ಎಲ್ಲಿ?" ಎಂದೆ.

"ಈ ವರ್ಷ ಎರಡು ಸಲಾನೂ ಸಿಗ್ಲಿಲ್ಲ ಅಕ್ಕಾ. ಗುಂಡು ಹೊಸದು, ಗಟ್ಟಿ. ಒಂದು ಕಡೆ ಹೊಕ್ಕು ಇನ್ನೊಂದು ಕಡೆಯಿಂದ ಆರುಪಾರು ಆಗಿ ಹಾರೋಗಿದೆ. ಗ್ರ್ಯಾಂಡ್ ಆಗಿ ಕೂತಿದೆ ಈ ಸಲದ ಎರಕ."

ಹೇಳುವಾಗ ಅವನ ಮುಖದಲ್ಲಿ ಹೆಮ್ಮೆ ಇತ್ತು. ನನಗೆ ಹೆಮ್ಮೆಪಡುವ ಗಂಡಸರನ್ನು ಕಂಡರೆ ಇನ್ನೂ ಅನುಮಾನ.

ಆ ಮಾಂಸ ನಾನು ತಿನ್ನಲಿಲ್ಲ. ಕಣ್ಣೆದುರು ಕುಯ್ಯದ್ದು ನನಗೆ ಇಳಿಯುವುದಿಲ್ಲ. ಚಿರಾಗ್ ಹುಟ್ಟಾ ಸಸ್ಯಾಹಾರಿ. ತನ್ವಿಗೆ ಮಾತ್ರ ಪ್ರಾಣ. ಶ್ರೀಕಂಠ ಊರಿಂದ ತರಿಸಿದ್ದ ಕಾಚಂಪುಳಿಯ ಶೀಷೆಯನ್ನೂ ಕೊಟ್ಟಿದ್ದ, ಆ ಕಪ್ಪನೆಯ ಕೊಡಗಿನ ಹುಳಿ. ಅದನ್ನು ಹಾಕಿ ಕುದಿಸಿದೆ. ಬಾಯಿ ಚಪ್ಪರಿಸಿಕೊಂಡು ತಿಂದಳು. ನಡುವೆ ಹಲ್ಲಿಗೆ ಏನೋ ಕಟಕ್ ಎಂದಾಗ "ಮೆಣಸು" ಎಂದು ಬೆರಳಲ್ಲಿ ತೆಗೆದು ಎಸೆದಳು. ಆ ಹೊತ್ತು ನನಗೆ ಏನೂ ಹೊಳೆಯಲಿಲ್ಲ.

ಮಗಳಿಗೆ ಆಗಾಗ ಹೊಟ್ಟೆ ಹಿಂಡಿದಂತೆ ನೋವು. ನಾನು ಬರುವ ಮೊದಲಿಂದಲೂ ಇತ್ತಂತೆ. ರಕ್ತವೂ ಕಡಿಮೆ, ಮಾತ್ರೆ ನುಂಗಿದರೂ ಏರುತ್ತಿರಲಿಲ್ಲ. ಕೆಂಪು ಮಾಂಸ ತಿನ್ನಬೇಕು ಎಂದು ಡಾಕ್ಟರು ಹೇಳಿದ್ದರು, ಹಾಗಾಗಿ ನಾನು ಮತ್ತಷ್ಟು ಬೇಯಿಸಿ ಹಾಕಿದೆ. ಕೊನೆಗೆ ಆಸ್ಪತ್ರೆಯಲ್ಲಿ ಇನ್ನೊಂದಿಷ್ಟು ರಕ್ತ ತೆಗೆದರು. ಇಂಡಿಯಾದವರು ಎಂದು ಗೊತ್ತಾದ ಮೇಲೆ, ಅಲ್ಲಿಯ ಮಸಾಲೆ ಕಾಡಿಗೆಗಳಲ್ಲಿ ಸೀಸ ಇರುವುದುಂಟೆಂದು, ಅದರ ಪರೀಕ್ಷೆಯನ್ನೂ ಬರೆದರು. ಉತ್ತರ ಬಂದ ದಿನ ಚಿರಾಗ್ ಆಫೀಸಿನಿಂದ ಓಡಿ ಬಂದ. ಅವಳ ರಕ್ತದಲ್ಲಿ ಸೀಸ ಇತ್ತು. ಇರಬಾರದಷ್ಟು ಇತ್ತು. ತಾಯಿಯ ರಕ್ತದಲ್ಲಿದ್ದದ್ದು ಮಗುವಿಗೂ ಹೋಗುತ್ತದೆ, ಮಗುವಿನ ತಲೆಗೆ ಅದು ಒಳ್ಳೆಯದಲ್ಲ, ಎಲ್ಲಿಂದ ಬರುತ್ತಿದೆ ಎಂದು ಮೊದಲು ಕಂಡುಹಿಡಿದು ನಿಲ್ಲಿಸಬೇಕು ಎಂದರಂತೆ.

ಅಂದು ನಾನು ಅತ್ತೆ. ಅತ್ತು ಮುಗಿದ ಮೇಲೆ ನನ್ನ ಕೆಲಸ ಶುರುವಾಯಿತು.

ಸೂಲಗಿತ್ತಿ ನರ್ಸ್ ಒಬ್ಬಳು ಮನೆಗೆ ಬಂದು ನನ್ನ ಡಬ್ಬಿಗಳ ಮೇಲೆ ಕಣ್ಣಾಡಿಸಿದಳು. ಹಣೆಗೆ ಏನು ಹಚ್ಚುತ್ತೀರಿ, ಕಣ್ಣಿಗೆ ಏನು, ಅರಿಶಿನ ಎಲ್ಲಿಯದು, ಹಿತ್ತಾಳೆ ಪಾತ್ರೆಯಲ್ಲಿ ಅಡುಗೆ ಮಾಡುತ್ತೀರಾ. ಬಾಯಿತುಂಬ ನಗುತ್ತಲೇ ಕೇಳಿದಳು, ಆದರೆ ಅವಳ ಅನುಮಾನ ಯಾರ ಮೇಲೆ ಎಂದು ನನಗೆ ತಿಳಿಯದೇ? ಅನುಮಾನಪಡುವುದು ನನ್ನ ಕಸುಬು. ಇನ್ನೊಬ್ಬರು ನನ್ನ ಮೇಲೆ ಪಟ್ಟಾಗ ಮೈ ಉರಿದುಹೋಯಿತು. ಆದರೂ ನನ್ನ ಅರಿಶಿನದ ಪೊಟ್ಟಣ, ಕುಂಕುಮ, ಕಾಡಿಗೆ ಎಲ್ಲವನ್ನೂ ಅವಳ ಮುಂದೆ ಸುರಿದೆ. ಪರೀಕ್ಷೆಗೆ ಹೋದವು. ಚಿರಾಗ್ ನಲ್ಲಿ ನೀರನ್ನು ಶೀಷೆಯಲ್ಲಿ ತುಂಬಿ ಕಳಿಸಿದ, ಹಳೇ ಪೈಪು ಸೀಸದ್ದಿರಬಹುದು ಎಂದು.

ನನಗೆ ಮಾತ್ರ ಉತ್ತರ ಗೊತ್ತಿತ್ತು. ಹಿತ್ತಲಲ್ಲಿ ಸೀಸ ಕರಗಿಸುವವನೊಬ್ಬನಿರುವಾಗ ನನ್ನ ಅರಿಶಿನವನ್ನು ಯಾಕೆ ಹಿಡಿಯುತ್ತೀರಿ?

ನೇರ ಹೋಗಿ ಶೆಡ್ ತೆಗೆಯಿರಿ ಎಂದೆ. ಶ್ರೀಕಂಠ ಮರುಮಾತಿಲ್ಲದೆ ತೆಗೆದ. ಒಳಗೆ ಎಲ್ಲ ಒಪ್ಪವಾಗಿತ್ತು. ಗ್ಯಾಸ್ ಒಲೆ, ದಪ್ಪ ಕಬ್ಬಿಣದ ಪಾತ್ರೆ, ಉದ್ದ ಹಿಡಿಯ ಸೌಟು, ಮರದ ಹಿಡಿಯ ಅಚ್ಚು. ಮೊಳೆಗೆ ನೇತುಹಾಕಿದ ಬೇರೆ ಅಂಗಿ, ಬೇರೆ ಬೂಟು. ಕೆಲಸದ ಬಟ್ಟೆ ಮನೆಯೊಳಗೆ ತರುವುದಿಲ್ಲವಂತೆ. ಮೂರು ಡಬ್ಬಿಗಳಲ್ಲಿ ಮೂರು ಬಗೆಯ ಸೀಸ.

"ತನ್ವಿ ಬಸುರಿ ಅಂತ ಗೊತ್ತಾದ ಮೇಲೆ ನಾನು ಒಲೆ ಹಚ್ಚೇ ಇಲ್ಲ ಅಕ್ಕಾ. ದೇವ್ರಾಣೆ. ಹೊಗೆ ಒಳ್ಳೇದಲ್ಲ ಅಂತ ನಂಗೊತ್ತಿಲ್ವಾ? ಅದಕ್ಕೂ ಮೊದ್ಲು, ಬೇಸಿಗೆ ಶುರುವಲ್ಲೇ ಹೊಯ್ದಿಟ್ಟ ಗುಂಡು ಇವು."

"ಮತ್ತೆ ಇಷ್ಟೆಲ್ಲ ಸೀಸ ಯಾಕೆ?"

ಕೇಳಿದ್ದೇ ತಡ, ಅವನಿಗೆ ಉತ್ಸಾಹ ಬಂತು. ಮೊದಲ ಡಬ್ಬಿಯ ತಗಡಿನ ಮೇಲೆ ಉಗುರಿನಿಂದ ಗೀರಿದ; ಆಳವಾಗಿ ಗೆರೆ ಬಿತ್ತು. "ಇದು ಹಳೇ ಚರ್ಚಿನ ಚಾವಣಿದು. ಅಪ್ಪಟ ಸೀಸ, ಬೆಣ್ಣೆ ಇದ್ದಂಗೆ. ಅಪ್ಪನ ಕೋವಿಗೆ ಇದೇ ಸರಿ. ಈ ರೈಫಲ್‌ಗೆ ಆಗಲ್ಲ, ಗುಂಡು ಬಿರುಸಾಗಿ ಹೋಗ್ತದಲ್ಲ, ನಳಿಗೆ ಒಳಗೆಲ್ಲ ಮೆತ್ಕೊಂಡು ಗುರಿ ತಪ್ತದೆ." ಎರಡನೆಯದು ಕಾರಿನ ಚಕ್ರ ಒಂದೇ ಸಮನೆ ತಿರುಗಲೆಂದು ಅಂಚಿಗೆ ಬಡಿಯುವ ಹಳೆಯ ತೂಕದ ತುಂಡುಗಳು. ಅದರಲ್ಲಿ ಉಗುರು ಅಷ್ಟಾಗಿ ಇಳಿಯಲಿಲ್ಲ. ಈಗಿನವು ಸತುವಿನವು, ಒಂದು ಸೇರಿದರೂ ಪಾತ್ರೆಯ ಎರಕವೆಲ್ಲ ಗಂಜಿಯಾಗಿ ಕೆಡುತ್ತದೆ, ಹಾಗಾಗಿ ಒಂದೊಂದನ್ನೂ ನೆಲಕ್ಕೆ ಹಾಕಿ ಸದ್ದು ಕೇಳಿ ಆರಿಸುತ್ತಾನಂತೆ. "ಹೋದ ವರ್ಷದವರ್ಗೂ ಇವೆರಡೂ ಬೆರೆಸ್ತಿದ್ದೆ. ಗುಂಡು ಸಿಗ್ತಿತ್ತು, ಆದ್ರೆ ಗುರಿ ಅಷ್ಟಕ್ಕಷ್ಟೆ. ಪ್ರಾಣಿ ನರಳ್ಬಾರ್ದು ಅಕ್ಕಾ, ಒಂದೇ ಏಟಿಗೆ ಬೀಳ್ಬೇಕು."

ಮೂರನೆಯ ಡಬ್ಬಿಯೊಳಗೆ ಕೈ ಹಾಕಿದವಳಿಗೆ ನನ್ನ ಬಾಲ್ಯವೇ ಕೈಗೆ ಸಿಕ್ಕಿತು. ಅಚ್ಚುಮೊಳೆಗಳು. ತಿರುಗುಮುರುಗಾಗಿ ಕೆತ್ತಿದ ಇಂಗ್ಲಿಷ್ ಅಕ್ಷರಗಳು. ನನ್ನ ಅಪ್ಪ ಮೈಸೂರಿನ ಅಚ್ಚುಕೂಟವೊಂದರಲ್ಲಿ ಮೊಳೆ ಜೋಡಿಸುತ್ತಿದ್ದರು. ಸಂಜೆ ಬಂದವರು ಹುಣಸೆಹಣ್ಣು ಹಚ್ಚಿ ಮೊಣಕೈವರೆಗೂ ತೊಳೆದುಕೊಳ್ಳದೆ ನಮ್ಮನ್ನು ಮುಟ್ಟುವಂತಿರಲಿಲ್ಲ. ಅಮ್ಮ ಬಾಗಿಲಲ್ಲೇ ನಿಂತು ಅವರ ಅಂಗೈ ಮೂಸಿ ನೋಡುತ್ತಿದ್ದಳು. ನನ್ನ ರೋಗ ಎಲ್ಲಿಂದ ಬಂತು ಎಂದು ಇನ್ನು ಹೇಳಬೇಕಿಲ್ಲ. ಅಪ್ಪ ಬಿಸಾಡಿದ ಮುರುಕು ಮೊಳೆಗಳಿಂದ ನಾವು ಗೋಡೆಯ ಸುಣ್ಣದ ಮೇಲೆ ಬೂದು ಗೆರೆ ಎಳೆದು ಏಟು ತಿಂದಿದ್ದೂ ಉಂಟು.

"ಇದು ಮುಚ್ಚೋಗಿರೋ ಒಂದು ಪ್ರೆಸ್ಸಿನದು. ಈ ಬೇಸಿಗೇಲಿ ಸಿಕ್ತು. ಇದನ್ನ ಸೇರಿಸಿದ್ದಕ್ಕೇ ಗುಂಡು ಈ ಪಾಟಿ ಗಟ್ಟಿ ಆಗಿದ್ದು," ಎಂದ.

ನಾನು ಅಂಗೈಯಲ್ಲಿದ್ದ ಮೊಳೆಯನ್ನು ಡಬ್ಬಿಗೆ ಹಾಕಿ, ಕೈಯನ್ನು ಮೂಸಿ, ಒಳಗೆ ಹೋಗಿ ತೊಳೆದುಕೊಂಡೆ. ಅವನ ಮಾತು ನಂಬಲಿಲ್ಲ. ನಾವೆಲ್ಲ ಹೊರಗೆ ಹೋದಾಗ ಒಲೆ ಹಚ್ಚುತ್ತಾನೆ ಎಂದೇ ನನ್ನ ಎಣಿಕೆ. ಹೂ ಕಟ್ಟುವ ನೂಲು ತೆಗೆದುಕೊಂಡು, ಯಾರಿಗೂ ಕಾಣದಂತೆ ಶೆಡ್ಡಿನ ಚಿಲಕಕ್ಕೂ ಚೌಕಟ್ಟಿಗೂ ಅಡ್ಡವಾಗಿ ಕಟ್ಟಿದೆ. ಬಾಗಿಲು ತೆಗೆದರೆ ನೂಲು ಹರಿಯಲೇಬೇಕು. ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಅದನ್ನು. ಹೊರಗೆ ಹೋಗಿ ಬಂದರೆ ಚಪ್ಪಲಿ ಬಿಡುವ ಮೊದಲು ಅದನ್ನು. ಮಳೆಯಲ್ಲಿ ನೆನೆದು, ಹಿಮದಲ್ಲಿ ಗಟ್ಟಿಯಾಗಿ, ನೂಲು ಹಾಗೆಯೇ ಇತ್ತು.

ನಾನು ಇಷ್ಟೆಲ್ಲ ಮಾಡುತ್ತಿದ್ದದ್ದು ಶ್ರೀಕಂಠನಿಗೆ ಗೊತ್ತಿತ್ತು. ಒಂದು ದಿನ ಚಹಾ ಕುಡಿಯುತ್ತ ಮೆಲ್ಲಗೆ ಹೇಳಿದ, "ಅಕ್ಕಾ, ಆ ನೂಲು ಸಡ್ಲ ಆಗಿದೆ. ಇನ್ನೊಂದು ಕಟ್ಬಿಡಿ." ವಾಸಂತಿ ನೊಂದುಕೊಂಡು ಮುಖ ತಿರುಗಿಸಿದಳು. ಅವನು ಮಾತ್ರ ನೊಂದುಕೊಂಡಂತೆ ಕಾಣಲಿಲ್ಲ. ಕೆಲಸಕ್ಕೆ ಹೋಗುವ ಮೊದಲು ಮಹಡಿ ಮೆಟ್ಟಿಲ ಬುಡದಲ್ಲಿ ನಿಂತು "ತನ್ವಿ, ಹೇಗಿದೀಯಮ್ಮ ಇವತ್ತು?" ಎಂದು ಕೇಳಿಯೇ ಹೋಗುತ್ತಿದ್ದ. ಇಷ್ಟು ಒಳ್ಳೆಯವನು ಯಾಕಿದ್ದಾನೆ ಎಂದು ನನಗೆ ಅದೂ ಒಂದು ಅನುಮಾನ.

ನೀರಿನ ಫಲಿತಾಂಶ ಬಂತು, ಏನೂ ಇಲ್ಲ. ನನ್ನ ಅರಿಶಿನ ಚೊಕ್ಕ, ಕುಂಕುಮ ಕಾಡಿಗೆಗಳೂ ಚೊಕ್ಕ. ಎರಡನೆಯ ಸಲ ತನ್ವಿಯ ರಕ್ತ ನೋಡಿದರು. ಸೀಸ ಇಳಿದಿರಲಿಲ್ಲ, ಇನ್ನೂ ಏರಿತ್ತು. ಅಂದು ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಚಿರಾಗ್ ಗೋಡೆಯ ಬಣ್ಣ ಕೆರೆದು ಪೊಟ್ಟಣ ಕಟ್ಟಿದ. ನನ್ನ ಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಅಮ್ಮ, ನಾನೇ ಏನಾದ್ರೂ ತಪ್ಪು ಮಾಡ್ತಿದೀನಾ?" ಎಂದು ಕೇಳಿದಳು. ಆ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಭಾನುವಾರ ಮಧ್ಯಾಹ್ನ. ಫ್ರೀಜರಿನಲ್ಲಿ ಆ ಎರಡು ಪಾಲಿನ ಕೊನೆಯ ಎರಡು ಪೊಟ್ಟಣ ಉಳಿದಿದ್ದವು. ಒಂದನ್ನು ತೆಗೆದು ಕಾಚಂಪುಳಿ ಹಾಕಿ ಬೇಯಿಸಿದೆ. ರಕ್ತ ಏರಲಿ ಎಂಬ ಆಸೆ. ತನ್ವಿ ಎರಡು ತುತ್ತು ತಿಂದಿದ್ದಳಷ್ಟೆ, ಮತ್ತೆ ಕಟಕ್ ಎಂದಿತು.

"ಅಯ್ಯೋ, ಮೆಣಸು ಅಮ್ಮ," ಎಂದು ತಟ್ಟೆಯ ಅಂಚಿಗಿಟ್ಟಳು.

"ಮೆಣಸು ನಾನು ರುಬ್ಬಿ ಹಾಕಿದೀನಿ ಕಣೆ," ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ನಾನು ಯಾವತ್ತೂ ಇಡೀ ಮೆಣಸು ಹಾಕುವವಳೇ ಅಲ್ಲ. ಹಾಗಾದರೆ ಅಂದು ಅವಳು ಎಸೆದದ್ದು ಏನು?

ಅದನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದೆ. ಸಾಸಿವೆಗಿಂತ ತುಸು ದೊಡ್ಡದು, ಒಂದು ಮಗ್ಗುಲು ಮೊನಚು. ಹಲ್ಲು ತಾಗಿದ ಕಡೆ ಮಿಣುಕುತ್ತಿತ್ತು. ಗೋಡೆಯ ಕ್ಯಾಲೆಂಡರಿನ ಬಿಳಿ ಅಂಚಿನ ಮೇಲೆ ಅದನ್ನು ಒತ್ತಿ ಎಳೆದೆ. ಬೂದು ಗೆರೆ ಬಿತ್ತು. ಸುಣ್ಣದ ಗೋಡೆಯ ಮೇಲೆ ನಾವು ಎಳೆಯುತ್ತಿದ್ದ ಅದೇ ಗೆರೆ.

ಮಗಳ ಮುಂದಿನ ತಟ್ಟೆ ಕಿತ್ತುಕೊಂಡೆ. "ಬಾಯಿ ಮುಕ್ಕಳಿಸು. ಒಂದಗುಳೂ ನುಂಗಬೇಡ." ಹೇಳುತ್ತಲೇ ಕೆಳಗಿನ ಕೋಣೆಯ ಬಾಗಿಲು ಬಡಿದೆ. ಶ್ರೀಕಂಠ ಟಿವಿಯ ಮುಂದಿನಿಂದ ಎದ್ದು ಬಂದ, ಹಿಂದೆ ವಾಸಂತಿ.

"ಆ ಜಿಂಕೆ ಗುಂಡು ಸಿಗ್ಲಿಲ್ಲ ಅಂದ್ರಲ್ಲ. ಎಲ್ಲಿ ಹೋಯ್ತು?"

"ಆಚೆ ಹೋಯ್ತು ಅಂದ್ನಲ್ಲ ಅಕ್ಕಾ. ಆರುಪಾರು."

"ಆಚೆ ಬದಿ ತೂತು ಇತ್ತಾ?"

ಅವನು ವಾಸಂತಿಯ ಕಡೆ ನೋಡಿದ.

"ನಾನು ಬಂದ ದಿನ ಅದರ ಸುತ್ತ ಒಂದು ಸುತ್ತು ಬಂದೆ. ಎಡಭುಜದಲ್ಲಿ ತೂತಿತ್ತು. ಆಚೆ ಬದಿ ಚರ್ಮ ಇಡಿಯಾಗಿತ್ತು. ನನ್ನ ಕಣ್ಣಾರೆ ನೋಡಿದೀನಿ."

"ಹೊಟ್ಟೆ ಬಗ್ದಿರ್ತೀವಲ್ಲ ಅಕ್ಕಾ, ಆ ಕಡೆಯಿಂದ ಹೋಗಿರ್ಬೇಕು ಅಂತ..." ಅವನ ದನಿ ಸಣ್ಣಗಾಯಿತು. "ಅಷ್ಟು ಗಟ್ಟಿ ಗುಂಡು. ನಿಲ್ಲಲ್ಲ ಅನ್ಕೊಂಡೆ."

"ಅಚ್ಚುಮೊಳೆ ಕೆಳಗೆ ಬಿದ್ರೆ ಏನಾಗ್ತಿತ್ತು ಗೊತ್ತಾ ನಮ್ಮಪ್ಪನ ಪ್ರೆಸ್ಸಲ್ಲಿ? ಸೀಸದ ಹಾಗೆ ನೆಗ್ಗುತ್ತಿರ್ಲಿಲ್ಲ. ಮುರೀತಿತ್ತು. ಗಟ್ಟಿ ಇದ್ದಿದ್ದಕ್ಕೇ ಮುರೀತಿತ್ತು." ನಾನು ಅಂಗೈ ಚಾಚಿ ಆ ಕಾಳನ್ನು ತೋರಿಸಿದೆ. "ನಿಮ್ಮ ಗುಂಡು ಎಲ್ಲೂ ಹೋಗಿಲ್ಲ. ಇಲ್ಲಿದೆ ನೋಡಿ. ನನ್ನ ಮಗಳ ತಟ್ಟೇಲಿ."

ಅವನು ಕಾಳನ್ನು ಮುಟ್ಟಲಿಲ್ಲ. ನನ್ನನ್ನು ದಾಟಿ ಅಡುಗೆಮನೆಗೆ ಹೋಗಿ ಫ್ರೀಜರಿನಿಂದ ಉಳಿದ ಪೊಟ್ಟಣ ತೆಗೆದ. ಬೆಚ್ಚನೆ ನೀರಿನಲ್ಲಿ ಬಿಡಿಸಿ, ಸ್ಟೀಲ್ ಬೇಸಿನ್ನಿನಲ್ಲಿ ಹಾಕಿ, ಎರಡೂ ಕೈಯಿಂದ ಎಳೆ ಎಳೆಯಾಗಿ ಹಿಸುಕಿದ. ನೀರು ಕೆಂಪಾಯಿತು. ಅದನ್ನು ನಿಧಾನಕ್ಕೆ ಬಗ್ಗಿಸಿ ಚೆಲ್ಲಿದ. ಮತ್ತೆ ನೀರು ಹಾಕಿ ಬಗ್ಗಿಸಿದ. ತಳದಲ್ಲಿ ಬೂದು ಬಣ್ಣದ ನುಚ್ಚು ಉಳಿಯಿತು. ಒಂದೆರಡು ಚೂರು ಕಣ್ಣಿಗೆ ಕಾಣುವಂತಿದ್ದವು, ಉಳಿದದ್ದು ರಾಗಿಹಿಟ್ಟಿನ ತರಿಯಷ್ಟು ಸಣ್ಣ. ಜಿಂಕೆಯ ಭುಜದ ಮೂಳೆಗೆ ಬಡಿದು ಗುಂಡು ಪುಡಿಯಾಗಿತ್ತು. ಆ ಪುಡಿಯನ್ನು ಹುಳಿಯಲ್ಲಿ ಕುದಿಸಿ ನಾವು ಬಸುರಿಗೆ ತಿನ್ನಿಸುತ್ತಿದ್ದೆವು.

ಶ್ರೀಕಂಠ ಬೇಸಿನ್ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟ. ವಾಸಂತಿ ಆಗಲೇ ಆಸ್ಪತ್ರೆಗೆ ಫೋನ್ ಹಚ್ಚಿದ್ದಳು. ಅವಳ ದನಿ ಸ್ಥಿರವಾಗಿತ್ತು. ಅವನು ನನ್ನ ಕಡೆ ನೋಡದೆ ಹೇಳಿದ:

"ಗುಂಡು ಸಿಗೋವರ್ಗೂ ಪಾಲು ಹಾಕ್ಬಾರ್ದು ಅಂತ ಅಪ್ಪ ಹೇಳಿದ್ರು ಅಕ್ಕಾ. ಅದೇನೋ ಶಾಸ್ತ್ರ ಅನ್ಕೊಂಡಿದ್ದೆ. ಇಷ್ಟು ವರ್ಷ ಈ ಮನೇಲಿ ಎರಡು ಪಾಲು ಹಾಕೋಕೆ ಒಬ್ಬರೂ ಇರ್ಲಿಲ್ಲ. ಇವಳು ಬಸುರಿ ಅಂದ ತಕ್ಷಣ ನಂಗೆ ತಡೆಯೋಕಾಗ್ಲಿಲ್ಲ."

ನನಗೆ ಅವನ ಮೇಲೆ ಕೆಂಡದಂಥ ಕೋಪ ಬಂದಿತ್ತು. ಬೈಯಲೆಂದೇ ಬಾಯಿ ತೆರೆದಿದ್ದೆ. ಆ ಮಾತು ಕೇಳಿದ ಮೇಲೆ ಬೇಸಿನ್ನನ್ನು ಅವನ ಪಕ್ಕದಿಂದ ಎತ್ತಿ ಆಚೆ ಇಟ್ಟೆ. ವಾಸಂತಿ ಫೋನ್ ಹಿಡಿದುಕೊಂಡೇ ಕಿಟಕಿಯ ಕಡೆ ತಿರುಗಿ ನಿಂತಳು.

ಮಾಂಸ ನಿಂತಿತು. ಮುಂದಿನ ಪರೀಕ್ಷೆಗಳಲ್ಲಿ ಸೀಸ ನಿಧಾನವಾಗಿ ಇಳಿಯುತ್ತ ಬಂತು. ಶ್ರೀಕಂಠ ರೈತನಿಗೂ ಕ್ಲಬ್ಬಿನ ಗೆಳೆಯನಿಗೂ ತಾನೇ ಹೋಗಿ ಹೇಳಿ, ಕೊಟ್ಟದ್ದನ್ನು ವಾಪಸು ತಂದ. ಹೊಯ್ದಿಟ್ಟಿದ್ದ ಗುಂಡು, ಮೂರು ಡಬ್ಬಿ, ಪಾತ್ರೆ, ಸೌಟು, ಎಲ್ಲವನ್ನೂ ಕೊಡಬೇಕಾದ ಕಡೆ ಕೊಟ್ಟು ಬಂದ. ಶೆಡ್ ಖಾಲಿಯಾಯಿತು, ನನ್ನ ನೂಲನ್ನು ನಾನೇ ಬಿಚ್ಚಿ ತೆಗೆದೆ. ಅಲ್ಲಿಂದ ಮುಂದೆ ಅವನು ಮೆಟ್ಟಿಲ ಬುಡದಲ್ಲಿ ನಿಂತು ತನ್ವಿಯನ್ನು ಕೂಗುವುದನ್ನೂ ಬಿಟ್ಟ. ನಾವು ಅಡುಗೆಮನೆಯಲ್ಲಿದ್ದರೆ ಅವನು ಒಳಗೆ ಬರುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಹೆಣ್ಣುಮಗು ಹುಟ್ಟಿತು. ಮಗುವಿನ ರಕ್ತದಲ್ಲೂ ಸ್ವಲ್ಪ ಸೀಸ ಇದೆ, ಹೆದರಬೇಡಿ, ಆಗಾಗ ನೋಡುತ್ತಿರುತ್ತೇವೆ ಎಂದರು. ಹೆದರಬೇಡಿ ಎಂದ ಮಾತ್ರಕ್ಕೆ ಹೆದರದೆ ಇರುವವಳು ನಾನಲ್ಲ. ಮಗು ಬೆಳಕಿಗೆ ಕಣ್ಣು ತಿರುಗಿಸಿದರೆ, ಸದ್ದಿಗೆ ಬೆಚ್ಚಿದರೆ, ನನ್ನ ಬೆರಳು ಬಿಗಿಯಾಗಿ ಹಿಡಿದರೆ ಸರಿಯಾಗಿದೆಯಾ ಎಂದು ಮತ್ತೆ ಮತ್ತೆ ನೋಡುತ್ತಿದ್ದೆ. ಎಲ್ಲ ಸರಿಯಾಗಿಯೇ ಇತ್ತು. ವಾಸಂತಿ ಡ್ಯೂಟಿ ಮುಗಿಸಿ ಬಂದು ಮಗುವಿಗೆ ಸ್ನಾನ ಮಾಡಿಸಿ ಹೋಗುತ್ತಿದ್ದಳು. ಶ್ರೀಕಂಠ ಮಾತ್ರ ಮಹಡಿ ಹತ್ತಲೇ ಇಲ್ಲ. ಮಗುವಿನ ಮುಖವನ್ನೇ ನೋಡಿರಲಿಲ್ಲ.

ನನ್ನ ವೀಸಾ ಮುಗಿಯುತ್ತ ಬಂತು. ಹೊರಡುವ ಹಿಂದಿನ ದಿನ ಮಗುವನ್ನು ಹೊದಿಸಿಕೊಂಡು ನಾನೇ ಕೆಳಗಿಳಿದೆ. ಅವನು ಅಡುಗೆಮನೆಯ ಮೇಜಿನ ಮುಂದೆ ಒಬ್ಬನೇ ಕೂತಿದ್ದ. ನನ್ನನ್ನು ನೋಡಿ ಎದ್ದು ಹೊರಡಲು ನೋಡಿದ. ನನ್ನ ಕಣ್ಣು ಅಭ್ಯಾಸಬಲದಿಂದ ಕೋಣೆಯನ್ನೆಲ್ಲ ಸುತ್ತಿ ದೇವರ ಗೂಡಿನಲ್ಲಿ ನಿಂತಿತು. ಗಣಪತಿಯ ಪಕ್ಕದಲ್ಲಿ ಏನೂ ಇರಲಿಲ್ಲ. ಬಿಲ್ಲೆ ಇದ್ದ ಜಾಗದಲ್ಲಿ ಉದುರಿದ ಒಂದಿಷ್ಟು ಕುಂಕುಮ ಮಾತ್ರ ಉಳಿದಿತ್ತು.

"ಅಪ್ಪನ ಗುಂಡು ಎಲ್ಲಿ?"

"ಕೊಟ್ಬಿಟ್ಟೆ ಅಕ್ಕಾ, ಅವುಗಳ ಜೊತೇಗೆ."

"ಅದನ್ನೂ ಯಾಕೆ?"

"ಅದೂ ಸೀಸಾನೇ ಅಲ್ವಾ. ಮಗು ಅಂಬೆಗಾಲಿಡೋ ಮನೆ."

ನನ್ನ ಕಣ್ಣು ತುಂಬಿತು. ಅದನ್ನು ಅವನಿಗೆ ತೋರಿಸುವ ಇಷ್ಟ ನನಗಿರಲಿಲ್ಲ. "ಕೈ ತೊಳ್ಕೊಳ್ಳಿ," ಎಂದೆ ಗದರುವ ದನಿಯಲ್ಲಿ.

ಅವನಿಗೆ ಅರ್ಥವಾಗಲಿಲ್ಲ. ನಾನು ಡಬ್ಬಿಯಿಂದ ಹುಣಸೆಹಣ್ಣು ತೆಗೆದು ಅವನ ಕೈಗೆ ಹಾಕಿದೆ. ಸಿಂಕಿನ ಮುಂದೆ ನಿಂತು, ಅಂಗಿಯ ತೋಳು ಮಡಚಿ, ಮೊಣಕೈವರೆಗೂ ಉಜ್ಜಿ ತೊಳೆದ. "ಇನ್ನೊಂದ್ಸಲ," ಎಂದೆ. ಮತ್ತೆ ತೊಳೆದ. ಉಗುರಿನ ಸಂದಿಯನ್ನೂ ಉಜ್ಜಿದ. ಒರೆಸಿಕೊಂಡು ಎರಡೂ ಅಂಗೈ ನನ್ನ ಮುಂದೆ ಚಾಚಿದ. ನನ್ನ ಅಮ್ಮ ಬಾಗಿಲಲ್ಲಿ ನಿಂತು ಮಾಡುತ್ತಿದ್ದಂತೆ ಬಗ್ಗಿ ಮೂಸಿದೆ. ಹುಣಸೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಆ ಕೈಗಳ ಮೇಲೆ ಮಗುವನ್ನು ಇಟ್ಟೆ.

ಅವನು ಭಾರದ ಏನನ್ನೋ ಹೊರುವವನಂತೆ ಕಾಲು ಅಗಲಿಸಿ ನಿಂತಿದ್ದ. ಮಗು ಒಮ್ಮೆ ಆಕಳಿಸಿತು.

"ಎಷ್ಟು ಹಗುರ ಇದೆ ಅಕ್ಕಾ," ಎಂದ.

ಅವನ ಕೈಗಳ ಕೆಳಗೆ ನನ್ನ ಕೈ ಒಡ್ಡಿಕೊಂಡೇ ನಿಂತಿದ್ದೆ.